ಉಸುರು ಮೀಟರ್

“ಅಲ್ಲ, ಈ ನೀರಿನ ಉಸುರು ಎಲ್ಲಿ ಹೋಗ್ಯಾದ?”

ಸ್ವಪ್ನಾಲಿ ಇದನ್ನು ಯಾರಿಗೂ ಕೇಳಲಿಲ್ಲ. ಬಾರವದ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕೈಯಲ್ಲಿದ್ದ ಮೀಟರನ್ನು ನೋಡುತ್ತ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು. ಮೀಟರಿನಿಂದ ಹೊರಟ ಕಪ್ಪು ವಾಯರ್ ನೀರಿಗೆ ಇಳಿದಿತ್ತು. ವಾಯರಿನ ತುದಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ಕೊಳವೆ ಇತ್ತು. ಅದಕ್ಕೆ ಪ್ರೋಬ್ ಎನ್ನುತ್ತಾರೆ. ಮೀಟರಿನ ಪುಟ್ಟ ಪರದೆಯ ಮೇಲೆ ಒಂದೂವರೆ ಎಂಬ ಅಂಕಿ ಕದಲದೆ ನಿಂತಿತ್ತು.

ಎಂದಿನಂತಾದರೆ ಅಲ್ಲಿ ಆರು ಇರಬೇಕಿತ್ತು. ಕೆಲವು ಸಲ ಆರೂವರೆಯೂ ಇರುತ್ತಿತ್ತು.

ಬಾರವ ಎಂದರೆ ಮೆಟ್ಟಿಲು ಇಳಿದು ಹೋಗುವ ಹಳೆಯ ಕಲ್ಲುಬಾವಿ. ಕನ್ನಡ ಮರಾಠಿ ಗಡಿಯ, ಉಮರ್ಗಾದ ಕಡೆಯ ಆ ಊರಿನಲ್ಲಿ ಅದು ಮಹಾದೇವನ ಗುಡಿಯ ಎದುರಿಗೇ ಇದೆ. ಅದರ ತುಂಬ ಮೀನು. ಬೂದು ಬೆನ್ನಿನವು, ಕೆಂಪು ರೆಕ್ಕೆಯವು, ಬಾಯಿಯ ಪಕ್ಕ ಎರಡು ಮೀಸೆ ಬಿಟ್ಟುಕೊಂಡು ಪಾಟೀಲರ ಹಾಗೆ ಮೆಲ್ಲಗೆ ತಿರುಗುವವು. ಅವೆಲ್ಲ ದೇವರ ಮೀನು. ಯಾರೂ ಗಾಳ ಹಾಕುವುದಿಲ್ಲ, ಯಾರೂ ಬಲೆ ಬೀಸುವುದಿಲ್ಲ.

ನೀರಿನಲ್ಲಿ ಕರಗಿದ ಆಮ್ಲಜನಕವೇ ಮೀನಿಗೆ ಉಸಿರು. ಅದು ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆ ಎಂದು ಹೇಳುವುದು ಈ ಮೀಟರಿನ ಕೆಲಸ. ಲಾತೂರಿನ ಒಂದು ಸಂಸ್ಥೆಯವರು ನೀರಿನ ತಪಾಸಣೆಗೆಂದು ಅದನ್ನು ಶಾಲೆಗೆ ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ಡಿ.ಓ. ಮೀಟರ್ ಎಂದು ಬರೆದಿತ್ತು. ಆದರೆ ಐದನೆಯ ಇಯತ್ತೆಯ, ಅಂದರೆ ಐದನೆಯ ತರಗತಿಯ ಮಕ್ಕಳು ಅದಕ್ಕೆ ಉಸುರು ಮೀಟರ್ ಎಂದು ಹೆಸರಿಟ್ಟಿದ್ದರು. ಸೋಮವಾರ ಬಂತೆಂದರೆ ಶಾಲೆಗೆ ಮೊದಲು ಬಾರವದ ನೀರು ಅಳೆಯುವುದು. ಶಾಲೆಯ ಕಪಾಟಿನಲ್ಲಿ ಇಲಿಗಳ ಕಾಟ. ಹಾಗಾಗಿ ಮೀಟರ್ ಇರುತ್ತಿದ್ದದ್ದು ಸ್ವಪ್ನಾಲಿಯ ಮನೆಯಲ್ಲಿ. ಅದನ್ನು ಜೋಪಾನ ಮಾಡುವವಳೂ ಅವಳೇ.

“ಉಸುರಿಲ್ಲಂದ್ರ ಮೀನು ಸಾಯ್ತಾವ,” ಎಂದಿತು ಮೇಲಿನ ಮೆಟ್ಟಿಲಿನಿಂದ ಒಂದು ದನಿ.

ಭರತ. ಅವಳ ಕ್ಲಾಸಿನವನೇ. ಅವನ ಹೊಟ್ಟೆಯಲ್ಲಿ ಎರಡು ಜೋಳದ ಭಕ್ಕರಿ ನಿಲ್ಲುತ್ತವೆ, ಒಂದು ಸುದ್ದಿ ನಿಲ್ಲುವುದಿಲ್ಲ. ಸ್ವಪ್ನಾಲಿ ತಡಿ ಅನ್ನುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ, ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಕಾಶೆಪ್ಪ ಕಾಕಾನ ಕಿವಿಗೆ ಅದನ್ನು ಮುಟ್ಟಿಸಿಯಾಗಿತ್ತು.

ಕಾಶೆಪ್ಪ ಕಾಕಾ ಊರಿನ ನೀರು ನೋಡಿಕೊಳ್ಳುವ ಪಾಣಿ ಸಮಿತಿಯ ಮುಖ್ಯಸ್ಥ. ಮನುಷ್ಯ ಬಹಳ ಒಳ್ಳೆಯವನು, ಆದರೆ ಅವಸರದವನು. ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೂ ಸಾಕು, ಓಡಿ ಹೋಗಿ ಕಣದ ರಾಶಿಗೆ ತಾಡಪತ್ರಿ ಹೊದಿಸಿ ಬರುವವನು. ಅವನು ಧೋತರ ಮೇಲೆತ್ತಿಕೊಂಡು ಕೆಳಗಿಳಿದು ಬಂದ, ಮೀಟರಿನ ಮುಖ ನೋಡಿದ, ನೀರಿನ ಮುಖ ನೋಡಿದ.

ಕಳೆದ ಬೇಸಿಗೆಯಲ್ಲಿ ಪಕ್ಕದ ಊರಿನ ತಳ್ಯಾದಲ್ಲಿ, ಅಂದರೆ ಕೆರೆಯಲ್ಲಿ, ಒಂದೇ ಮುಂಜಾನೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಅದನ್ನು ಕಾಕಾ ಕಣ್ಣಾರೆ ನೋಡಿದ್ದ. ಆ ವಾಸನೆ ಇನ್ನೂ ಮೂಗಿನಲ್ಲಿದೆ ಎಂದು ಹೇಳುತ್ತಿದ್ದ. ಅಂಥದ್ದು ಮಹಾದೇವನ ಎದುರಿಗೆ ಆಗುವುದೇ? ಕಾಕಾ ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿಬಿಟ್ಟ. ನಾಳೆ ಮುಂಜಾನೆ ಟ್ರ್ಯಾಕ್ಟರ್ ಬರುತ್ತದೆ, ಟ್ರಾಲಿಯಲ್ಲಿ ಡ್ರಮ್ಮು ಇರುತ್ತವೆ. ಮೀನನ್ನೆಲ್ಲ ತುಂಬಿಕೊಂಡು ಹೋಗಿ ಮಾಕಣಿ ಧರಣದ, ಅಂದರೆ ಅಣೆಕಟ್ಟಿನ ನೀರಿಗೆ ಬಿಟ್ಟು ಬರುವುದು.

ಸ್ವಪ್ನಾಲಿ ತಟ್ಟನೆ ಎದ್ದು ನಿಂತಳು. “ಕಾಕಾ, ಧರಣದಾಗ ಮೀನ ಹಿಡಿಯೋ ಬಲಿ ಹಾಕ್ತಾರ. ಇವಕ್ಕ ಮನಷಾರ ಅಂಜಿಕಿನೇ ಇಲ್ಲ. ಮೊದಲ ಇವೇ ಹೋಗಿ ಬೀಳ್ತಾವ.”

“ಇಲ್ಲಿ ಉಸುರು ಕಟ್ಟಿ ಸಾಯೋಕಿಂತ ಅಲ್ಲಿ ನಾಕು ದಿನ ಈಸಲಿ, ಮಗಾ,” ಎಂದ ಕಾಕಾ ಮೆತ್ತಗೆ. “ನಾ ಹೇಳಿದ್ದಲ್ಲ ಇದು. ನಿನ್ನ ಮೀಟರ್ ಹೇಳ್ಯಾದ.”

ಆ ಮಾತು ಅವಳಿಗೆ ಚುಚ್ಚಿತು. ಹೌದಲ್ಲ, ಹೇಳಿದ್ದು ತನ್ನ ಮೀಟರೇ.

ಅವಳು ಬಗ್ಗಿ ನೀರನ್ನು ನೋಡಿದಳು. ಮೀಸೆಯ ಮೀನೊಂದು ಮೆಟ್ಟಿಲ ಅಂಚಿಗೆ ಬಂದು, ಇವತ್ತು ತಿನ್ನಲು ಏನೂ ಇಲ್ಲವೇ ಎನ್ನುವಂತೆ ನೋಡಿ ಬಾಲ ಬೀಸಿ ಹೋಯಿತು. ಉಸಿರು ಕಟ್ಟಿದ ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತದೆ ಎಂದು ಶಾಲೆಯಲ್ಲಿ ಸರ್ ಹೇಳಿದ್ದರು. ಇವು ಹಾಗೆ ಮಾಡುತ್ತಿರಲಿಲ್ಲ. ಮೀಟರ್ ಒಂದು ಹೇಳುತ್ತಿತ್ತು, ಮೀನು ಇನ್ನೊಂದು ಹೇಳುತ್ತಿದ್ದವು.

*

ಶಾಲೆಯಲ್ಲಿ ವೈಜನಾಥ ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಅವರು ನಿಲಂಗಾದವರು. ಕ್ಲಾಸಿನೊಳಗೆ ಮರಾಠಿ, ಕ್ಲಾಸಿನ ಹೊರಗೆ ಕನ್ನಡ ಮಾತಾಡುವವರು. ಈಗ ಅವಳನ್ನು ವರಾಂಡಕ್ಕೆ ಕರೆದುಕೊಂಡು ಬಂದು ಕನ್ನಡದಲ್ಲಿ ಕೇಳಿದರು.

“ನೀರಾಗ ಬಿಡೋ ಮೊದಲ ಗಾಳಿಯಾಗ ಹಿಡದು ನೋಡಿದಿ?”

ಸ್ವಪ್ನಾಲಿ ತಲೆ ಕೆಳಗೆ ಹಾಕಿದಳು. ನೋಡಿರಲಿಲ್ಲ. ದಸರೆಯ ರಜೆಗೆ ವಲಾಂಡಿಯ ಮಾಮಾನ ಮನೆಗೆ ಹೋಗಿದ್ದವಳು ನಿನ್ನೆ ಸಂಜೆಯಷ್ಟೇ ಬಂದಿದ್ದಳು. ಇವತ್ತು ಮುಂಜಾನೆ ಮೀನು ನೋಡುವ ಅವಸರದಲ್ಲಿ ಮೀಟರ್ ತೆಗೆದುಕೊಂಡು ನೇರ ಬಾರವಕ್ಕೆ ಓಡಿದ್ದಳು.

ಅಳೆಯುವ ಮೊದಲು ಪ್ರತಿ ಸಲ ಮಾಡಬೇಕಾದ ಒಂದು ಕೆಲಸವಿತ್ತು. ಪ್ರೋಬಿನ ಹೊರಗಿನ ಕ್ಯಾಪ್ ತೆಗೆದು, ಅದರ ಸುತ್ತ ಒದ್ದೆ ಬಟ್ಟೆ ಸಡಿಲವಾಗಿ ಸುತ್ತಿ ಗಾಳಿಯಲ್ಲಿ ಹಿಡಿಯಬೇಕು. ಗಾಳಿಯಲ್ಲಿ ಉಸಿರಿಗೇನು ಕೊರತೆ? ಆಗ ಮೀಟರ್ ಶೇಕಡಾ ಲೆಕ್ಕದಲ್ಲಿ ನೂರಕ್ಕೆ ನೂರು ತೋರಿಸಬೇಕು. ಸ್ವಲ್ಪ ಹಿಂದೆ ಮುಂದೆ ಆದರೆ ಬಟನ್ ಒತ್ತಿ ನೂರಕ್ಕೆ ತಂದು ನಿಲ್ಲಿಸಬೇಕು. ಆಮೇಲೆ ನೀರಿಗೆ ಬಿಡಬೇಕು.

ವರಾಂಡದಲ್ಲಿ ಹಾಗೆ ಹಿಡಿದು ನೋಡಿದರು. ಮೀಟರ್ ಮೂವತ್ತು ತೋರಿಸಿತು. ಬಟನ್ ಒತ್ತಿದರೆ ಟುಂಯ್ ಎಂದು ಮುನಿಸಿಕೊಂಡು, ನನ್ನಿಂದಾಗದು ಎಂಬಂತೆ ಪರದೆ ಮಿಣಮಿಣ ಮಾಡಿತು.

“ಸರ್, ಇದು ಗಾಳಿಯಾಗೇ ಗಾಳಿ ಇಲ್ಲ ಅಂತದ,” ಎಂದ ಭರತ. ಹೇಳಿ, ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ ವರಾಂಡದಲ್ಲಿ ಉರುಳಿದ. ಅದನ್ನು ನೋಡಿ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಉಸಿರು ಕಟ್ಟಿ ಉರುಳತೊಡಗಿದರು. ಸರ್ ಮೀಸೆಯಲ್ಲೇ ನಕ್ಕರು. ಸ್ವಪ್ನಾಲಿಗೂ ನಗು ಬಂತು. ತಪ್ಪು ನೀರಿನದಲ್ಲ. ಮೀಟರಿನದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಈ ಸಂತೋಷದ ಸುದ್ದಿ ಹೊತ್ತುಕೊಂಡು ಕಾಕಾನ ಕಡೆಗೆ ಓಡಿದಳು. ಕಾಕಾ ಕೇಳಿಸಿಕೊಂಡ. ಆದರೆ ತಲೆ ಅಲ್ಲಾಡಿಸಿದ.

“ಮೀಟರ್ ಖರಾಬ್ ಆಗ್ಯಾದ ಅಂತಿ. ಆಗಲಿ. ಹಂಗಂದ್ರ ನೀರು ಛಲೋ ಅದ ಅಂತ ಹ್ಯಾಂಗಾತು? ಗೊತ್ತಿಲ್ಲ ಅಂತಾತು, ಅಷ್ಟೇ.”

ಒಂದು ದಿನ ತಡಿ ಕಾಕಾ ಎಂದು ಸ್ವಪ್ನಾಲಿ ಕೇಳಿಕೊಂಡಳು.

“ಟ್ರ್ಯಾಕ್ಟರಿಗೆ ಹೇಳಿ ಬಂದೀನಿ,” ಎಂದ ಕಾಕಾ. “ಮುಂಜಾನಿ ಅದು ಬರೋದ್ರೊಳಗ ಬರೋಬ್ಬರಿ ಮಾಡಕೊಂಡು ಬಂದು ಎಲ್ಲಾರ ಮುಂದ ತೋರಸು. ನಾ ಮೀನಿನ ದುಷ್ಮನ್ ಅಲ್ಲವ್ವ.”

*

ವೈಜನಾಥ ಸರ್‌ಗೆ ಉಮರ್ಗಾದಲ್ಲಿ ಮೀಟಿಂಗ್ ಇತ್ತು. ಹೊತ್ತು ಇಳಿಯುವಾಗ ಬರುತ್ತೇನೆ, ಪೆಟ್ಟಿಗೆ ತೆಗೆದುಕೊಂಡು ನನ್ನ ಖೋಲಿಗೆ ಬಾ ಎಂದು ಹೇಳಿ ಹೋದರು. ಶಾಲೆ ಬಿಟ್ಟ ಮೇಲೆ ಸ್ವಪ್ನಾಲಿ ಮನೆಗೆ ಬಂದಳು. ಅಪ್ಪ ಅವ್ವ ಇಬ್ಬರೂ ಸೋಯಾಬೀನ್ ರಾಶಿಗೆ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಇದ್ದವಳು ಆಯಿ ಒಬ್ಬಳೇ. ಅಪ್ಪನ ತಾಯಿ, ಕಾಂತಾಬಾಯಿ.

ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳ ತಂದೆ ಬೆಳಗ್ಗೆ ಪೂಜೆಗೆ ಕೂತು ಹಾಡುತ್ತಿದ್ದ ಶಿವನ ಪದಗಳೆಲ್ಲ ಅವಳ ನಾಲಗೆಯ ಮೇಲಿದ್ದವು. ಜೋಳ ಹಸನು ಮಾಡಲು ಒಂದು ಪದ, ಮಜ್ಜಿಗೆ ಕಡೆಯಲು ಒಂದು ಪದ, ಭಕ್ಕರಿ ಬಡಿಯಲು ಬೇರೆಯೇ ಒಂದು. ಯಾವ ಪದ ಕೇಳುತ್ತಿದೆ ಎಂಬುದರ ಮೇಲೆ ಆಯಿ ಒಳಗೆ ಏನು ಮಾಡುತ್ತಿದ್ದಾಳೆ ಎಂದು ಸ್ವಪ್ನಾಲಿ ಅಂಗಳದಿಂದಲೇ ಹೇಳಬಲ್ಲಳು. ಈಗ ಪಡಸಾಲೆಯಿಂದ ಕೇಳುತ್ತಿದ್ದದ್ದು ಜೋಳ ಹಸನು ಮಾಡುವ ಪದ.

ಸ್ವಪ್ನಾಲಿ ಬಾಗಿಲ ಬೆಳಕಿಗೆ ಕೂತು ಪ್ರೋಬನ್ನು ಕಣ್ಣಿನ ಹತ್ತಿರ ಹಿಡಿದಳು. ಅದರ ತುದಿಯಲ್ಲಿ ಗುಂಡಗೆ ಒಂದು ತೆಳು ಪರೆ ಇದೆ. ಯಾವಾಗಲೂ ಅದು ಗಾಜಿನ ಹಾಗೆ ಮಿಂಚುತ್ತದೆ. ಇವತ್ತು ಮಂಕಾಗಿತ್ತು. ಮೇಲೆ ಬಿಳಿಯದೊಂದು ಪದರು ಒಣಗಿ ಅಂಟಿಕೊಂಡಿತ್ತು. ಕ್ಯಾಪಿನ ಒಳಗೂ ಬಿಳಿ. ಅವಳು ಮೂಗಿನ ಹತ್ತಿರ ತಂದು ಮೂಸಿದಳು.

ಆ ವಾಸನೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ದಿನಾ ಸ್ನಾನ ಆದ ಮೇಲೆ ಆಯಿಯ ಮೂರು ಬೆರಳು ಅವಳ ಹಣೆಯ ಮೇಲೆ ಎಳೆಯುವ ವಾಸನೆ ಅದು. ವಿಭೂತಿ.

“ಆಯಿ,” ಎಂದಳು ಮೆಲ್ಲಗೆ. “ಖಂಡೇನವಮಿಗಿ ಹತ್ಯಾರ ಪೂಜಾ ಮಾಡಿದೆಲ್ಲ, ಆವಾಗ ನನ್ನ ಮೀಟರಿಗೂ ಮಾಡಿದಿ ಏನು?”

“ಮಾಡದೇ ಬಿಡ್ತೀನೇನು?” ಆಯಿಯ ಮುಖ ಅರಳಿತು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವಳ ಹಾಗೆ ಎಲ್ಲ ಹೇಳತೊಡಗಿದಳು. ಕುಡಗೋಲಿಗೆ ಮಾಡಿದಳಂತೆ, ಕುಂಟೆಗೆ ಮಾಡಿದಳಂತೆ, ಅವ್ವನ ಹೊಲಿಗೆ ಮಷಿನಿಗೆ, ಅಪ್ಪನ ಮೊಬೈಲಿನ ಚಾರ್ಜರಿಗೂ ಮಾಡಿದಳಂತೆ. “ಇದು ದೇವರ ಮೀನ ನೋಡೋ ಹತ್ಯಾರ. ಇದಕ್ಕ ಬಿಟ್ಟರ ಹ್ಯಾಂಗ ಮಗಾ? ಇದರ ಟೊಪಿಗಿ ತೆಗದೆ, ಎಣ್ಣಿ ಕೈಲೆ ಒರಸಿದೆ, ಹಣಿಗಿ ಮೂರು ಬಟ್ಟ ಈಬತ್ತಿ ಎಳದೆ, ಒಂದು ಝೆಂಡು ಹೂವ ಇಟ್ಟೆ. ಎಷ್ಟು ಚಂದ ಕಾಣ್ತಿತ್ತು ಅಂತಿ.”

ಸ್ವಪ್ನಾಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿನಲ್ಲಿ ಎಲ್ಲರ ಮನೆಯಲ್ಲೂ ಆ ದಿನ ಕೆಲಸದ ಸಾಮಾನಿಗೆಲ್ಲ ಪೂಜೆ ಇರುತ್ತದೆ. ಮೀಟರ್ ಮನೆಯಲ್ಲಿದ್ದ ಮೇಲೆ ಅದನ್ನು ಬಿಡುವವರಾದರೂ ಯಾರು? ತಾನು ಊರಿನಲ್ಲಿ ಇದ್ದಿದ್ದರೆ ಹೂವನ್ನು ತಾನೇ ತಂದುಕೊಡುತ್ತಿದ್ದಳು.

ಅವಳು ಆಯಿಯ ಪಕ್ಕ ಹೋಗಿ ಕೂತಳು. ಪ್ರೋಬಿನ ತುದಿ ತೋರಿಸಿದಳು.

“ಆಯಿ, ಇದು ಇದರ ಹಣಿ ಅಲ್ಲ. ಮೂಗು.”

ಈ ಪರೆ ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳ್ಳಗೆ ಇರುತ್ತದೆ, ನೀರಿನೊಳಗಿನ ಉಸಿರು ಇದರ ಮೂಲಕ ತೂರಿ ಒಳಗೆ ಹೋಗುತ್ತದೆ, ಹೋದದ್ದೆಷ್ಟು ಎಂದು ಮೀಟರ್ ಲೆಕ್ಕ ಹಾಕುತ್ತದೆ ಎಂದೆಲ್ಲ ಬಿಡಿಸಿ ಹೇಳಿದಳು. ಎಣ್ಣೆ ಮತ್ತು ವಿಭೂತಿ ಸೇರಿ ದಾರಿ ಮುಚ್ಚಿಬಿಟ್ಟಿವೆ, ಅದಕ್ಕೇ ಅದು ಎಲ್ಲಿ ಇಟ್ಟರೂ ಉಸಿರಿಲ್ಲ ಉಸಿರಿಲ್ಲ ಎನ್ನುತ್ತಿದೆ ಎಂದಳು. ಮುಂಜಾನೆ ಬಾರವದಲ್ಲಿ ಏನಾಯಿತು, ನಾಳೆ ಏನು ಬರಲಿದೆ ಅದನ್ನೂ ಹೇಳಿದಳು.

ಆಯಿಯ ಕೈ ಮೊರದ ಮೇಲೆಯೇ ನಿಂತಿತು. “ನಾ ಅದರ ಮೂಗು ಮುಚ್ಚಿಬಿಟ್ಟೀನಿ?” ಎಂದಳು. ಮೊರ ಕೆಳಗಿಟ್ಟು, “ಮಾಕಣಿಗಿ ಒಯ್ತಾರಾ? ನನ್ನ ಮೀನಾ?” ಎಂದಳು.

ಅಷ್ಟೇ. ಆಯಿ ಮತ್ತೆ ಮೊರ ಎತ್ತಿಕೊಂಡಳು, ಜೋಳ ಹಾರಿ ಹಾರಿ ಬಿತ್ತು. ಆದರೆ ಪದ ಬರಲಿಲ್ಲ. ಪದ ಇಲ್ಲದ ಆಯಿಯನ್ನು ಸ್ವಪ್ನಾಲಿ ನೋಡಿಯೇ ಇರಲಿಲ್ಲ. ಮನೆಯ ಒಂದು ಗೋಡೆ ಇಲ್ಲದ ಹಾಗೆ ಆಯಿತು.

ನಾನು ಹೇಳಬಾರದಿತ್ತು ಎಂದುಕೊಂಡಳು ಅವಳು. ಆಯಿಗೆ ನಾಚಿಕೆ ಆಗಿದೆ, ನೋವಾಗಿದೆ. ಭರತನಿಗೆ ಇದು ಗೊತ್ತಾದರೆ ಮುಗಿಯಿತು. ಇಡೀ ಶಾಲೆ, ಇಡೀ ಊರು ಮೀಟರಿಗೆ ಈಬತ್ತಿ ಹಚ್ಚಿದ ಆಯಿ ಎಂದು ನಗುತ್ತದೆ. ಯಾರಿಗೂ ಗೊತ್ತಾಗಬಾರದು.

ಅವಳು ಬಟ್ಟಲಲ್ಲಿ ಫಿಲ್ಟರ್ ನೀರು ತಂದಳು. ಮೆತ್ತನೆಯ ಬಟ್ಟೆ ಅದ್ದಿ, ತಿಕ್ಕದೆ, ಒತ್ತದೆ, ಕೂಸಿನ ಮುಖ ಒರೆಸುವ ಹಾಗೆ ಪರೆಯನ್ನು ಒರೆಸಿದಳು. ಕ್ಯಾಪಿನ ಒಳಗೂ ತೊಳೆದಳು. ಬಿಳಿಯದೆಲ್ಲ ಹೋಯಿತು. ಗಾಳಿಯಲ್ಲಿ ಹಿಡಿದರೆ ಅಂಕಿ ಮೂವತ್ತರಿಂದ ಅರವತ್ತಕ್ಕೆ ಏರಿತು. ಅವಳ ಮನಸ್ಸೂ ಏರಿತು. ಅಷ್ಟರಲ್ಲಿ ಅದು ಐವತ್ತಕ್ಕೆ ಇಳಿಯಿತು, ಎಪ್ಪತ್ತಕ್ಕೆ ಹಾರಿತು, ಮತ್ತೆ ಇಳಿಯಿತು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಪರೆಯ ನಡುವೆ ಬಾಲಚಂದ್ರನ ಹಾಗೆ ಒಂದು ಸಣ್ಣ ಗೀರು ಇತ್ತು. ಉಗುರು ತಾಗಿದ ಗುರುತು.

*

ವೈಜನಾಥ ಸರ್ ಖೋಲಿಯಲ್ಲಿ ಚಾಪೆ ಹಾಸಿ, ಅದರ ಮೇಲೆ ಬಿಳಿ ಟವೆಲ್ ಹಾಸಿ, ಟವೆಲ್ಲಿನ ಮೇಲೆ ಪೆಟ್ಟಿಗೆ ಬಿಚ್ಚಿಟ್ಟಿದ್ದರು. ಭರತ ಕರೆಯದಿದ್ದರೂ ಬಂದಿದ್ದ. ಮೊಬೈಲನ್ನು ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದರು. ಅದರೊಳಗೆ ಲಾತೂರಿನ ಮನೀಷಾ ಮ್ಯಾಡಮ್ ಕಾಣುತ್ತಿದ್ದರು. ಮೀಟರ್ ಕೊಟ್ಟ ಸಂಸ್ಥೆಯವರು. ಶಾಲೆಗೆ ಬಂದು ಕಲಿಸಿ ಹೋದವರೂ ಅವರೇ.

“ಮ್ಯಾಲ ಏನರ ಅಂಟಿತ್ತೇನು?” ಎಂದು ಸರ್ ಕೇಳಿದರು.

“ಧೂಳ ಇತ್ರಿ ಸರ್. ಒರಸೀನಿ,” ಎಂದಳು ಸ್ವಪ್ನಾಲಿ. ಹೇಳಿ, ಪೆಟ್ಟಿಗೆಯ ಕಡೆಗೆ ಕಣ್ಣು ತಿರುಗಿಸಿದಳು.

ಗೀರು ಬಿದ್ದ ಪರೆ ಇನ್ನು ಕೆಲಸಕ್ಕೆ ಬರುವುದಿಲ್ಲ, ಬದಲಾಯಿಸಬೇಕು ಎಂದು ಮ್ಯಾಡಮ್ ಮರಾಠಿಯಲ್ಲಿ ಹೇಳಿದರು. ಪೆಟ್ಟಿಗೆಯಲ್ಲಿ ಹೊಸ ಪರೆ ಇರುವ ಮುಚ್ಚಳ ಒಂದೇ ಒಂದು ಇತ್ತು. ಪುಟ್ಟ ಬಾಟಲಿಯಲ್ಲಿ ಅದರೊಳಗೆ ತುಂಬುವ ದ್ರಾವಣ ಇತ್ತು. ಸರ್ ತಮ್ಮ ದಪ್ಪ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಮುಚ್ಚಳವನ್ನು ಸ್ವಪ್ನಾಲಿಯ ಅಂಗೈಯಲ್ಲಿಟ್ಟರು.

ಹಳೆಯ ಮುಚ್ಚಳ ತಿರುವಿ ತೆಗೆಯುವುದು. ಒಳಗಿನ ಹಳೆಯ ದ್ರಾವಣ ಚೆಲ್ಲುವುದು. ತೊಳೆಯುವುದು. ಹೊಸ ಮುಚ್ಚಳಕ್ಕೆ ದ್ರಾವಣ ತುಂಬಿ, ಪ್ರೋಬನ್ನು ಅದರೊಳಗೆ ಇಳಿಸಿ ಮೆಲ್ಲಗೆ ತಿರುವುವುದು. ಕೇಳುವಾಗ ಸುಲಭ. ಮಾಡುವಾಗ ಸ್ವಪ್ನಾಲಿಯ ಹಣೆಯ ಮೇಲೆ ಬೆವರು ಮೂಡಿತು. ಭರತ ಟಾರ್ಚ್ ಹಿಡಿದಿದ್ದ. ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲ ಸಲ.

ತಿರುವಿ ಮುಗಿಸಿ ಮೊಬೈಲಿನ ಮುಂದೆ ಹಿಡಿದಳು. ಮ್ಯಾಡಮ್ ಕಣ್ಣು ಸಣ್ಣದು ಮಾಡಿ ನೋಡಿ, ಬುಡಬುಡಾ ಇದೆ ಎಂದರು. ಹೌದು. ಪರೆಯ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡು ಹೊರಳುತ್ತಿತ್ತು. ಒಳಗೆ ಗುಳ್ಳೆ ಇದ್ದರೆ ಮೀಟರ್ ಎಂದೂ ನಿಜ ಹೇಳುವುದಿಲ್ಲ. ಬಿಚ್ಚಿ, ಮತ್ತೆ ಮೊದಲಿನಿಂದ ಮಾಡಬೇಕು.

“ಪರೆ ಹರದರ?” ಎಂದ ಭರತ.

“ನಿನ್ನ ಬಾಯಿಗಿ ಅದೇ ಮುಚ್ಚಳ ಹಾಕ್ತೀನಿ,” ಎಂದಳು ಸ್ವಪ್ನಾಲಿ. ಸರ್ ನಕ್ಕರು. ಮೊಬೈಲಿನೊಳಗೆ ಮ್ಯಾಡಮ್‌ಗೆ ಕನ್ನಡ ತಿಳಿಯದಿದ್ದರೂ ಅವರೂ ನಕ್ಕರು. ಅವಳು ಮುಚ್ಚಳವನ್ನು ಮತ್ತೆ ತಿರುವಿ ಬಿಚ್ಚಿದಳು.

ಎರಡನೆಯ ಸಲ ದ್ರಾವಣವನ್ನು ಅಂಚಿನ ತನಕ ತುಂಬಿದಳು. ಮುಚ್ಚಳದ ಪಕ್ಕಕ್ಕೆ ಉಗುರಿನಿಂದ ಟಕಟಕ ತಟ್ಟಿದಳು. ಒಂದು ಗುಳ್ಳೆ ಎದ್ದು ಬಂದು ಒಡೆಯಿತು. ಪ್ರೋಬನ್ನು ಓರೆಯಾಗಿ, ಎಮ್ಮೆ ಕೆರೆಗೆ ಇಳಿಯುವ ಹಾಗೆ ಸಾವಕಾಶವಾಗಿ ಇಳಿಸಿದಳು. ಹೆಚ್ಚಾದ ದ್ರಾವಣ ಅಂಚಿನಿಂದ ಹೊರಗೆ ಚೆಲ್ಲಿತು. ತಿರುವಿದಳು. ಭರತ ಟಾರ್ಚಿನ ಬೆಳಕು ಬಿಟ್ಟ. ಗುಳ್ಳೆ ಇರಲಿಲ್ಲ. ಪರೆ ಗಾಜಿನ ಹಾಗೆ ಮಿಂಚಿತು.

ಹೊಸ ಪರೆ ನೆಲೆಗೊಳ್ಳಲು ಸ್ವಲ್ಪ ಹೊತ್ತು ಬಿಡಬೇಕಿತ್ತು. ಅಲ್ಲಿಯ ತನಕ ಸರ್ ಚಹಾ ಮಾಡಿದರು, ಮ್ಯಾಡಮ್ ಅಲ್ಲಿ ಲಾತೂರಿನಲ್ಲಿ ಚಹಾ ಕುಡಿದರು, ಭರತ ಬಿಸ್ಕೀಟು ಮುಗಿಸಿದ. ಆಮೇಲೆ ಒದ್ದೆ ಬಟ್ಟೆ ಸುತ್ತಿ ಗಾಳಿಯಲ್ಲಿ ಹಿಡಿದು ಬಟನ್ ಒತ್ತಿದರು. ಮೀಟರ್ ಮುನಿಯಲಿಲ್ಲ. ನೂರು ತೋರಿಸಿ ನಿಂತಿತು.

ಆದರೆ ಬಾರವ ಏನು ಹೇಳುತ್ತದೋ ಯಾರಿಗೆ ಗೊತ್ತು? ಕಾಕಾ ಹೇಳಿದ್ದೂ ಸುಳ್ಳಲ್ಲ. ನೀರೇ ನಿಜವಾಗಿ ಕೆಟ್ಟಿದ್ದರೆ?

ಮನೆಗೆ ಬಂದಾಗ ಆಯಿ ದೇವರ ಮುಂದೆ ಕೂತಿದ್ದಳು. ಅಲ್ಲಿಯೂ ಪದ ಇರಲಿಲ್ಲ.

*

ಮುಂಜಾನೆ ಬಾರವದ ದಂಡೆಯ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಯಲ್ಲಿ ನೀಲಿ ಡ್ರಮ್ಮುಗಳು ಇದ್ದವು. ಇಬ್ಬರು ತರುಣರು ಸೊಳ್ಳೆಪರದೆಯ ಬಟ್ಟೆಯನ್ನು ಎರಡೂ ಕಡೆ ಹಿಡಿದುಕೊಂಡು, ಇಳಿಯಲೇ ಕಾಕಾ ಎಂದು ಕೇಳುತ್ತಿದ್ದರು. ಐದನೆಯ ಇಯತ್ತೆ ಪೂರ್ತಿ ಮೆಟ್ಟಿಲ ಮೇಲೆ ಕೂತಿತ್ತು. ವೈಜನಾಥ ಸರ್ ಬಂದಿದ್ದರು. ಆಯಿಯೂ ಬಂದಿದ್ದಳು. ಸ್ವಪ್ನಾಲಿ ಅವಳನ್ನು ಕರೆದಿರಲಿಲ್ಲ. ಆಯಿ ಯಾರ ಜೊತೆಗೂ ಮಾತಾಡದೆ ಕೆಳಗಿನ ಮೆಟ್ಟಿಲಿನ ತನಕ ಇಳಿದು, ನೀರಿನ ಪಕ್ಕ ಕೂತಳು.

ಸ್ವಪ್ನಾಲಿ ಮೊದಲು ಗಾಳಿಯಲ್ಲಿ ಹಿಡಿದು ಕಾಕಾನಿಗೆ ನೂರು ತೋರಿಸಿದಳು. ಕಾಕಾ ಸರಿ ಎಂದ. ಆಮೇಲೆ ಪ್ರೋಬನ್ನು ನೀರಿಗೆ ಬಿಟ್ಟಳು.

ಐದು. ನಾಲ್ಕೂವರೆ. ನಾಲ್ಕು. ಅಂಕಿ ಮೆಟ್ಟಿಲು ಇಳಿಯುವ ಹಾಗೆ ಇಳಿಯುತ್ತಿತ್ತು. ಮೂರೂವರೆ.

“ನೋಡಿದೆಲ್ಲ ಮಗಾ,” ಎಂದ ಕಾಕಾ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಮೇಲೆ ಪರದೆ ಹಿಡಿದವರು ಒಂದು ಮೆಟ್ಟಿಲು ಇಳಿದರು.

ಸ್ವಪ್ನಾಲಿ ತ‌ನ್ನ ಕೈ ನೋಡಿಕೊಂಡಳು. ಅದು ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ಅಯ್ಯೋ ಎಂದುಕೊಂಡಳು. ಈ ಪ್ರೋಬ್ ತಾನೂ ಚೂರುಚೂರು ಉಸಿರು ಕುಡಿಯುತ್ತದೆ. ಒಂದೇ ಕಡೆ ಹಿಡಿದರೆ ತನ್ನ ಸುತ್ತಲಿನದನ್ನೆಲ್ಲ ಕುಡಿದು ಮುಗಿಸಿ, ಇಲ್ಲ ಎಂದು ದೂರುತ್ತದೆ. ಅದನ್ನು ನೀರಿನಲ್ಲಿ ಸಾವಕಾಶ ಆಡಿಸುತ್ತ ಇರಬೇಕು. ಪ್ರತಿ ಸೋಮವಾರ ಮಾಡುತ್ತಿದ್ದದ್ದೇ. ಇವತ್ತು ಇಷ್ಟು ಜನರ ಕಣ್ಣಿನ ಮುಂದೆ ಕೈ ಮರೆತಿತ್ತು.

ಅವಳು ಗಡಬಡಿಸಿ ಆಡಿಸತೊಡಗಿದಳು. ನೀರು ಸಿಡಿಯಿತು. ಅಂಕಿ ಮೇಲೆ ಹಾರಿತು, ಕೆಳಗೆ ಬಿತ್ತು, ಎಲ್ಲಿಯೂ ನಿಲ್ಲಲಿಲ್ಲ. ನಿಲ್ಲದ ಅಂಕಿಯನ್ನು ಯಾರು ನಂಬುತ್ತಾರೆ? ಕೈ ಇನ್ನಷ್ಟು ಗಡಬಡಿಸಿತು.

ಆಗ ಪಕ್ಕದಿಂದ ಒಂದು ಪದ ಎದ್ದಿತು.

ಮೆಲ್ಲಗೆ, ನೀರಿಗಷ್ಟೇ ಕೇಳಲಿ ಎನ್ನುವ ಹಾಗೆ ಆಯಿ ಹಾಡುತ್ತಿದ್ದಳು. ಅದು ಮಜ್ಜಿಗೆ ಕಡೆಯುವ ಪದ. ಒಮ್ಮೆ ಅತ್ತ, ಒಮ್ಮೆ ಇತ್ತ, ನಡುವೆ ಒಂದು ನಿಲುಗಡೆ. ಸ್ವಪ್ನಾಲಿ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದ ಲಯ. ಅವಳು ಏನೂ ಮಾಡಬೇಕಾಗಲಿಲ್ಲ. ಕೈ ತಾನಾಗಿ ಅತ್ತ ಹೋಯಿತು, ಇತ್ತ ಬಂತು. ನೀರು ಸಿಡಿಯುವುದು ನಿಂತಿತು.

ನಾಲ್ಕು. ನಾಲ್ಕೂವರೆ. ಐದು. ಮೆಟ್ಟಿಲ ಮೇಲಿನ ಮಕ್ಕಳು ಅಂಕಿಯ ಜೊತೆ ಜೊತೆಗೆ ಪಿಸುಗುಟ್ಟತೊಡಗಿದರು. ಐದೂವರೆ. ಆರು. ಆಯಿಯ ಪದ ಒಂದು ಸುತ್ತು ಮುಗಿದು ಇನ್ನೊಂದು ಸುತ್ತಿಗೆ ಹೊರಳಿತು. ಆರೂವರೆ. ಅಲ್ಲಿ ನಿಂತಿತು. ಪದ ಮುಗಿದ ಮೇಲೂ ಅಲ್ಲೇ ನಿಂತಿತ್ತು.

ಆ ಹೊತ್ತಿಗೆ ಮೀಸೆಯ ಮೀನು ಬಂದು ಪ್ರೋಬಿನ ತುದಿಯನ್ನು ಮೂತಿಯಿಂದ ಒಮ್ಮೆ ದೂಡಿ ನೋಡಿತು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಭರತ ಸುದ್ದಿ ಹೇಳಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದ. ಎಲ್ಲರೂ ಅಲ್ಲೇ ಇದ್ದರು.

ಡ್ರೈವರ್ ಮೇಲಿನಿಂದಲೇ, ಡ್ರಮ್ಮಿಗೆ ಏನು ತುಂಬಲಿ ಕಾಕಾ ಎಂದು ಕೇಳಿದ. ನೀರು ತುಂಬಿಕೊಂಡು ಹೋಗಿ ನಿನ್ನ ಟ್ರ್ಯಾಕ್ಟರ್ ತೊಳಿ, ಎಷ್ಟು ಹೊಲಸಾಗ್ಯಾದ ನೋಡು ಎಂದ ಕಾಕಾ. ಪರದೆ ಹಿಡಿದವರು ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಕಾಕಾ ಮೆಟ್ಟಿಲ ಮೇಲೆ ಭಾರ ಬಿಟ್ಟು ಕೂತು, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. ಅವನ ಮುಖದ ಮೇಲೆ ಈಗ ಮೋಡ ಇರಲಿಲ್ಲ.

“ಎಲ್ಲಾ ಖರೇ,” ಎಂದ. “ಆದ್ರ ನಿನ್ನಿ ಅದಕ್ಕ ಏನಾಗಿತ್ತವ್ವ?”

ಎಲ್ಲರೂ ಸ್ವಪ್ನಾಲಿಯನ್ನು ನೋಡಿದರು. ಸರ್ ನೋಡಿದರು. ಭರತ ಕಿವಿ ನಿಮಿರಿಸಿದ. ಅವಳು ಆಯಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳ ಕಿವಿಯ ಹತ್ತಿರ ಬಗ್ಗಿದಳು.

“ಆಯಿ, ನೀ ಸುಮ್ಮನ ಕೂಡು. ಸೆಲ್ ಮುಗದಿತ್ತು ಅಂತ ನಾ ಹೇಳ್ತೀನಿ.”

ಆಯಿ ಹೊರಳಿ ಅವಳನ್ನು ನೋಡಿದಳು. ಇಷ್ಟು ಹತ್ತಿರದಿಂದ ಸ್ವಪ್ನಾಲಿಗೆ ಆ ಕಣ್ಣಿನೊಳಗೆ ಎಲ್ಲ ಕಂಡಿತು. ಅಲ್ಲಿ ನಾಚಿಕೆ ಇರಲಿಲ್ಲ. ನೋವು ಇರಲಿಲ್ಲ. ನಿನ್ನೆಯಿಂದ ಪದ ನಿಂತದ್ದು ಮೀನಿಗಾಗಿ, ಮೀನಿಗಾಗಿ ಮಾತ್ರ. ಈಗ ಮೀನು ಉಳಿದಿದ್ದವು, ಮತ್ತು ಆ ಕಣ್ಣಿನ ಮೂಲೆಯಲ್ಲಿ ಒಂದು ದೊಡ್ಡ ನಗು ಎದ್ದು ಬರಲು ದಾರಿ ಕಾಯುತ್ತಿತ್ತು. ಆಯಿ ಕಳೆದುಕೊಳ್ಳದೇ ಇದ್ದ ಮರ್ಯಾದೆಯನ್ನು ತಾನು ನಿನ್ನೆಯಿಂದ ಬಚ್ಚಿಟ್ಟು ಕಾಯುತ್ತಿದ್ದೆ ಎಂದು ಸ್ವಪ್ನಾಲಿಗೆ ಅನಿಸಿತು. ಅವಳ ಮುಷ್ಟಿ ಮೆಲ್ಲಗೆ ಬಿಚ್ಚಿತು. ಸೆರಗು ಜಾರಿ ಹೋಯಿತು.

ಆಯಿ ಆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೊಣಕಾಲಿಗೆ ಕೈ ಊರಿ ಎದ್ದು ನಿಂತಳು.

“ಸುಮ್ಮನ ಕೂಡಲ್ಲ,” ಎಂದಳು, ಮೇಲಿನ ಮೆಟ್ಟಿಲಿನ ತನಕ ಕೇಳುವ ಹಾಗೆ. “ಇಷ್ಟು ಛಲೋ ಮಾತು ಸೆಲ್ಲಿನ ಮ್ಯಾಲ ಹಾಕಿ ಕೆಡಸ್ತಿ ಏನು? ಅತ್ತಾಗ ಸರಿ. ನಾನೇ ಹೇಳಾಕಿ.”